ದೀಪದ ಗುರುತು ಎಲ್ಲಿಗೆ ಹೋಯಿತು?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ದೀಪದ ಗುರುತಿರುವ ಹಳೆಯ ಪ್ರಚಾರದ ಚೀಟಿ ಸಿಕ್ಕಿತು. ಜನತಾ ಪಕ್ಷದಲ್ಲಿ ವಿಲೀನವಾಗಿದ್ದ ಜನಸಂಘ 1980ರಲ್ಲಿ ಹೊರಬಂದಾಗ ಅದೇ ದೀಪವನ್ನು ಯಾಕೆ ವಾಪಸ್ ಪಡೆಯಲಿಲ್ಲ? (ಶಿರಸಿಯ ಓದುಗರು)

ಉತ್ತರ: ಆಗ ಹೊರಬಂದದ್ದು ಜನಸಂಘವಲ್ಲ, ಜನತಾ ಪಕ್ಷದೊಳಗಿನ ಒಂದು ಗುಂಪು. ಜನಸಂಘ 1977ರ ಮೇ 1ರಂದೇ ವಿಸರ್ಜನೆಯಾಗಿತ್ತು.

ಆ ದೀಪ ಸುಲಭಕ್ಕೆ ದಕ್ಕಿದ್ದೂ ಅಲ್ಲ. ಆರೆಸ್ಸೆಸ್ ಬೆಂಬಲದಿಂದ ಶ್ಯಾಮಾಪ್ರಸಾದ್ ಮುಖರ್ಜಿ 1951ರ ಅಕ್ಟೋಬರ್ 21ರಂದು ದೆಹಲಿಯಲ್ಲಿ ಜನಸಂಘ ಕಟ್ಟಿದರು. ಮೊದಲ ಲೋಕಸಭೆಯಲ್ಲಿ ಸಿಕ್ಕಿದ್ದು ಮೂರೇ ಸ್ಥಾನ. ಇನ್ನೊಂದು ಹಿಂದೂವಾದಿ ಪಕ್ಷ, ಸ್ವಾಮಿ ಕರಪಾತ್ರಿಯವರ ರಾಮರಾಜ್ಯ ಪರಿಷತ್ತಿಗೂ ಮೂರೇ. ರಾಜಸ್ಥಾನದ ವಿಧಾನಸಭೆಯಲ್ಲಂತೂ ಪರಿಷತ್ತು 24 ಗೆದ್ದಿತ್ತು, ಜನಸಂಘ ಬರೀ 8. ಆದರೆ ದೇಶದ ಒಟ್ಟು ಮತದಲ್ಲಿ ಜನಸಂಘ ಶೇ. 3ರ ಗೆರೆ ದಾಟಿತು, ರಾಷ್ಟ್ರೀಯ ಪಕ್ಷವಾಯಿತು, ದೀಪ ಅದರ ಗುರುತಾಗಿ ನಿಂತಿತು. ಊರೂರು ಸುತ್ತುವ ಪೂರ್ಣಾವಧಿ ಪ್ರಚಾರಕರು ಅದಕ್ಕಿದ್ದರು. ಪರಿಷತ್ತಿಗಿದ್ದದ್ದು ಸ್ವಾಮಿಗಳ ಹೆಸರು, ಜಾಗೀರದಾರರ ಆಸರೆ. 1967ರಲ್ಲಿ ಜನಸಂಘದ ಬಲ 35ಕ್ಕೇರಿತು. ಪರಿಷತ್ತು ಕೊನೆಗೆ ಅದರೊಳಗೇ ಸೇರಿಹೋಯಿತು.

1977ರ ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ಐದೇ ದಿನದಲ್ಲಿ ಸಂಸ್ಥಾ ಕಾಂಗ್ರೆಸ್ (1969ರಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ವಿರುದ್ಧ ನಿಂತ ಬಣ), ಚರಣ್ ಸಿಂಗ್ ಅವರ ಭಾರತೀಯ ಲೋಕದಳ, ಜನಸಂಘ, ಸಮಾಜವಾದಿಗಳು ಸೇರಿ ಜನತಾ ಪಕ್ಷವೆಂದರು. ಮಾರ್ಚ್‌ನಲ್ಲೇ ಮತದಾನ, ಕಾಗದದ ಮೇಲೆ ವಿಲೀನ ಮುಗಿಸಿ ಹೊಸ ಗುರುತು ಪಡೆಯಲು ಸಮಯವೆಲ್ಲಿ? ಲೋಕದಳದ 'ಚಕ್ರದೊಳಗೆ ನೇಗಿಲು ಹೊತ್ತ ರೈತ'ನನ್ನೇ ಹಿಡಿದು ಹೊರಟರು. ಚುನಾವಣಾ ಆಯೋಗದ ಕಡತದಲ್ಲಿ ಇಂದಿಗೂ ಆಗ ಜನತಾ ಗೆದ್ದ 295 ಸ್ಥಾನಗಳು ಲೋಕದಳದ ಹೆಸರಿನಲ್ಲಿವೆ.

ಪಕ್ಷ ಒಂದಾಯಿತು, ಆದರೆ ಹಳೆಯ ಜನಸಂಘದವರು ಆರೆಸ್ಸೆಸ್ ಬಿಡಲಿಲ್ಲ. ಎರಡು ಕಡೆ ಸದಸ್ಯರಾಗಿರಬಹುದೇ ಎಂಬ ಜಗಳ ಮೊರಾರ್ಜಿ ದೇಸಾಯಿಯವರ ಜನತಾ ಸರ್ಕಾರವನ್ನೂ ಅಲುಗಾಡಿಸಿತು. 1980ರ ಏಪ್ರಿಲ್‌ನಲ್ಲಿ ಪಕ್ಷದ ಕಾರ್ಯಕಾರಿಣಿ 'ಕೂಡದು' ಎಂದಿತು. 6ರಂದು ಬಿಜೆಪಿ ಹುಟ್ಟಿತು. ಗಮನಿಸಿ, ಹೊಸ ಪಕ್ಷ ಕೇಳಿದ್ದು ದೀಪವನ್ನಲ್ಲ. ನಿಜವಾದ ಜನತಾ ಪಕ್ಷ ನಾವೇ ಎಂದು ವಾದಿಸಿತು! ಆಯೋಗ ಕೊಟ್ಟದ್ದು ಕಮಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಲೆಕ್ಕ ಬೇರೆ. 1977ರಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು, ಕೆನರಾ ಕ್ಷೇತ್ರವೂ ಅದರಲ್ಲೊಂದು. ಆದರೂ ಜನತಾ ಪಕ್ಷದ ಪ್ರಧಾನ ಕಾರ್ಯದರ್ಶಿಗಳಲ್ಲಿ ಒಬ್ಬರು ಸಿದ್ದಾಪುರ ಕಡೆಯ ದೊಡ್ಮನೆಯ ರಾಮಕೃಷ್ಣ ಹೆಗಡೆ, ಸಂಸ್ಥಾ ಕಾಂಗ್ರೆಸ್ಸಿನ ಬಾಗಿಲಿಂದ ಬಂದವರು.

ಈಗ ಚೀಟಿಯ ವಿಷಯ. ಅದು ಜನಸಂಘದ್ದೇ ಆಗಿದ್ದರೆ 1977ಕ್ಕಿಂತ ಹಿಂದಿನದು. ಪಕ್ಷದ ಹೆಸರು ಓದಿಯೇ ನಿರ್ಧರಿಸಿ. ಗುರುತುಗಳು ಕೈ ಬದಲಾಗುತ್ತವೆ. ಪೆಟ್ಟಿಗೆಯ ತಳದಲ್ಲಿ 1983ರ ವಿಧಾನಸಭಾ ಚುನಾವಣೆಯ ಚೀಟಿಗಳೂ ಇದ್ದರೆ ಜನತಾ ಪಕ್ಷದ ನೇಗಿಲು ಹೊತ್ತ ರೈತ ಒಂದರಲ್ಲಿ, ಬಿಜೆಪಿಯ ಕಮಲ ಇನ್ನೊಂದರಲ್ಲಿ ಕಂಡೀತು. ಆ ಸಲ ಎದುರುಬದುರು ನಿಂತವರೇ, ಫಲಿತಾಂಶದ ನಂತರ ಕಮಲದ 18 ಶಾಸಕರು ಹೆಗಡೆಯವರ ಜನತಾ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟರು.