ಖಳನಾದರೂ ಆಗಲಿ, ಹೆಸರಿರಲಿ

ಬೇರೆ ಜನಾಂಗದವರನ್ನು ಕೀಳಾಗಿ ತೋರಿಸಿದ್ದೀರಿ ಎಂಬ ದೂರು ಬಂದರೆ ನಿರ್ಮಾಪಕರ ಬಳಿ ಒಂದು ಸಿದ್ಧೌಷಧ ಇರುತ್ತದೆ: ಅದೇ ಜನಾಂಗದ ಒಬ್ಬ ಒಳ್ಳೆಯವನನ್ನು ಕತೆಯೊಳಗೆ ತೂರಿಸುವುದು. ಪಾಪ, ಅವನು ನಾಯಕನಿಗೆ ನೆರವಾಗಿ ಮಧ್ಯಂತರದ ಹೊತ್ತಿಗೆ ಸಾಯುತ್ತಾನೆ. ಇದರಿಂದ ಏನೂ ಸರಿಹೋಗುವುದಿಲ್ಲ. ಖಳನಾಗಿಯೂ ಒಬ್ಬ ಪೂರ್ಣ ಮನುಷ್ಯನಾಗಿರಬಹುದು, ಒಳ್ಳೆಯವನಾಗಿಯೂ ಬರೀ ಗೋಡೆಯ ಪಟವಾಗಿ ಉಳಿಯಬಹುದು.

ಆದ್ದರಿಂದ ಚಿತ್ರಕಥೆ ತಿದ್ದಲು ಕೂತಾಗ ಪಾತ್ರದ ಗುಣವನ್ನು ಕಡೆಗೆ ನೋಡಿ. ಮೊದಲು ಪಾತ್ರಪಟ್ಟಿ. ‘ಬಂದೂಕುಧಾರಿ 1’, ‘ಟ್ಯಾಕ್ಸಿ ಚಾಲಕ’, ‘ಅಳುವ ಹೆಂಗಸು’ ಎಂದಷ್ಟೇ ಇರುವವರೆಲ್ಲ ಒಂದೇ ಜನಾಂಗದವರೇ? ಆಮೇಲೆ ಅವರ ಸಂಭಾಷಣೆಗೆಲ್ಲ ಒಂದೇ ಬಣ್ಣದ ಗೆರೆ ಎಳೆಯಿರಿ. ನಾಯಕ ಎದುರಿಗಿಲ್ಲದಾಗ ಅವರು ತಮ್ಮತಮ್ಮಲ್ಲೇ ತಮ್ಮ ಮನೆಯ ವಿಷಯ ಮಾತಾಡುವ ಒಂದು ದೃಶ್ಯವಾದರೂ ಇದೆಯೇ? ಎಷ್ಟೋ ಪ್ರತಿಗಳಲ್ಲಿ ಸಿಗುವುದಿಲ್ಲ. ಬೆದರಿಸುವುದು, ಬೇಡುವುದು, ದಾರಿ ತೋರಿಸುವುದು, ಇಷ್ಟೇ ಅವರ ಪಾಲಿನ ಕೆಲಸ. ಹಾಲಿವುಡ್ಡಿನ 900ಕ್ಕೂ ಹೆಚ್ಚು ಚಿತ್ರಗಳಲ್ಲಿ ಅರಬರ ಪಾತ್ರಗಳನ್ನು ಜಾಲಾಡಿದ ಅಮೆರಿಕದ ಮಾಧ್ಯಮ ವಿದ್ವಾಂಸ ಜಾಕ್ ಶಾಹೀನ್ 2001ರಲ್ಲಿ ತೋರಿಸಿಕೊಟ್ಟದ್ದೂ ಇಂಥದೇ ಕೆಲವು ಅಚ್ಚುಗಳನ್ನು.

ಹೆಚ್ಚು ಎಡವುವುದು ಭಾಷೆಯಲ್ಲಿ. ಪರದೇಶಿ ಪಾತ್ರ ತನ್ನವರೊಡನೆ ಮಾತಾಡುವಾಗಲೂ ತೊದಲು ಇಂಗ್ಲಿಷನ್ನೇ ಬರೆಯುತ್ತಾರೆ. ತಾಯಿನುಡಿಯಲ್ಲಿ ಯಾರೂ ವ್ಯಾಕರಣ ತಪ್ಪಿ ಮಾತಾಡುವುದಿಲ್ಲ ಎಂಬುದು ಮರೆತೇ ಹೋಗಿರುತ್ತದೆ. ಇನ್ನು ಉಪಶೀರ್ಷಿಕೆ. ‘ವಿದೇಶಿ ಭಾಷೆಯಲ್ಲಿ ಮಾತು’ ಎಂದು ಹಾಕಿ ಕೈತೊಳೆದುಕೊಳ್ಳುವುದು ಸೋಮಾರಿತನ. ನಾಯಕನಿಗೆ ಆ ಮಾತು ಅರ್ಥವಾಗುತ್ತಿದ್ದರೆ ನೋಡುಗನಿಗೂ ಅರ್ಥ ಕೊಡಬೇಕು. ನಾಯಕನಿಗೂ ತಿಳಿಯದೆ ಇರುವುದು ಕತೆಗೆ ಬೇಕಾಗಿದ್ದರೆ ಅರ್ಥ ಬಿಡಿ, ಆದರೆ ಭಾಷೆಯ ಹೆಸರನ್ನಾದರೂ ಹಾಕಿ. ಗೋಡೆಬರಹ, ನಾಮಫಲಕಗಳನ್ನೂ ಭಾಷೆ ಬಲ್ಲವರಿಂದ ಓದಿಸಬೇಕು. ಅಮೆರಿಕದ ‘ಹೋಮ್‌ಲ್ಯಾಂಡ್’ ಎಂಬ ಗೂಢಚಾರಿಕೆಯ ಟಿವಿ ಧಾರಾವಾಹಿಯವರು ನಿರಾಶ್ರಿತರ ಶಿಬಿರದ ಸೆಟ್ಟಿಗೆ ಅರಬ್ಬಿ ಗೋಡೆಬರಹ ಬೇಕೆಂದು ಕಲಾವಿದರನ್ನು ಕರೆಸಿದರು. ಅವರು ‘ಹೋಮ್‌ಲ್ಯಾಂಡ್ ಜನಾಂಗದ್ವೇಷಿ’ ಎಂದೇ ಬರೆದಿಟ್ಟರು. 2015ರ ಅಕ್ಟೋಬರ್‌ನಲ್ಲಿ ಅದು ಹಾಗೇ ಪ್ರಸಾರವಾಯಿತು. ತಂಡಕ್ಕೆ ಆ ಲಿಪಿ ಬರೀ ಚಿತ್ತಾರ. ಅಲ್ಲಿ ವಾಕ್ಯ ಇದ್ದೀತು ಎಂದು ಯಾರಿಗೂ ಹೊಳೆಯಲಿಲ್ಲ.

ಬೆಳಕಿನ ವಿಚಾರಕ್ಕೆ ಚರಿತ್ರೆಯೇ ಇದೆ. ಫೋಟೋ ಮುದ್ರಣದಲ್ಲಿ ಬಣ್ಣ ಹೊಂದಿಸಲು ಕೊಡಾಕ್ ಹಂಚುತ್ತಿದ್ದ ‘ಶರ್ಲಿ ಕಾರ್ಡ್’ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಣ್ಣಿನ ಮುಖ. ಅದಕ್ಕೆ ಹೊಂದಿಸಿದರೆ ಪಕ್ಕದಲ್ಲಿ ನಿಂತ ಕಪ್ಪು ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ. ಇಂದಿನ ಕ್ಯಾಮೆರಾ ಬೇರೆ, ಅಭ್ಯಾಸ ಹಳೆಯದೇ. ಇಡೀ ದೃಶ್ಯಕ್ಕೆ ಬೆಳಕು ಸುರಿದರೆ ಬಿಳಿ ಮುಖ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಅನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು, ಕಪ್ಪು ಮುಖಕ್ಕೆ ಹೊಂದಿಸಿ, ಬಿಳಿ ಮುಖದ ಮೇಲೆ ಬೀಳುವ ಬೆಳಕಿಗೆ ಅಡ್ಡಲಾಗಿ ಅದನ್ನು ತಗ್ಗಿಸುವ ತೆಳು ಬಲೆ ಇಡಿ. ಕಪ್ಪು ಮುಖಕ್ಕೆ ಪೌಡರ್ ಮೆತ್ತಿ ಹೊಳಪು ಕೊಲ್ಲಬೇಡಿ, ಮುಖದ ಆಕಾರ ಕಾಣುವುದೇ ಆ ಹೊಳಪಿನಲ್ಲಿ. ಮೆಕ್ಸಿಕೊ ಎಂದೊಡನೆ ಹಳದಿ ಛಾಯೆ ಬಳಿಯುವ ಚಾಳಿಯನ್ನು ಹಿಡಿಯುವುದು ಸುಲಭ: ಬಣ್ಣ ತಿದ್ದದ ತುಣುಕನ್ನು ಪಕ್ಕದಲ್ಲಿಟ್ಟು ಆಕಾಶವನ್ನು ಹೋಲಿಸಿ ನೋಡಿದರೆ ಸಾಕು.

ಸುದ್ದಿಮನೆಯಲ್ಲಿ ನಿಯಮ ಬರವಣಿಗೆಯಲ್ಲಿದೆ. ಸುದ್ದಿಗೆ ಸಂಬಂಧವಿದ್ದರೆ ಮಾತ್ರ ಜನಾಂಗ ಹೇಳಿ ಎನ್ನುತ್ತದೆ ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಕೈಪಿಡಿ. ಸಂಬಂಧ ಇದೆಯೋ ಇಲ್ಲವೋ ಎಂದು ಅನುಮಾನವಾದರೆ, ಆರೋಪಿ ಬಹುಸಂಖ್ಯಾತ ಜನಾಂಗದವನಾಗಿದ್ದರೆ ಆ ಪದ ತಲೆಬರಹಕ್ಕೆ ಬರುತ್ತಿತ್ತೇ ಎಂದು ಕೇಳಿಕೊಳ್ಳಿ. ತಲೆಮರೆಸಿಕೊಂಡವನ ಚಹರೆ ಕೊಡುವಾಗ ಜನಾಂಗ ಬರಬಹುದು, ಆದರೆ ಎತ್ತರ, ವಯಸ್ಸು, ಬಟ್ಟೆ, ಗಾಯದ ಗುರುತು ಜೊತೆಗಿರಬೇಕು. ಬರೀ ಜನಾಂಗ ಕೊಟ್ಟರೆ ಆ ಬಣ್ಣದವರೆಲ್ಲ ಶಂಕಿತರಾಗುತ್ತಾರೆ.

ಇದಕ್ಕಿಂತ ನುಣ್ಣಗೆ ಜಾರಿಕೊಳ್ಳುವುದು ಚಿತ್ರದ ಕೆಳಗಿನ ಸಾಲು. 2005ರಲ್ಲಿ ಅಮೆರಿಕದ ಕತ್ರಿನಾ ಚಂಡಮಾರುತದ ಹೊತ್ತಿಗೆ ಎರಡು ಸುದ್ದಿಸಂಸ್ಥೆಗಳ ಎರಡು ಚಿತ್ರಗಳು ಯಾಹೂ ನ್ಯೂಸ್‌ನಲ್ಲಿ ಬಂದವು. ಎರಡರಲ್ಲೂ ಎದೆಮಟ್ಟದ ನೀರು, ಎರಡರಲ್ಲೂ ಕೈಯಲ್ಲಿ ಅಂಗಡಿಯ ಸಾಮಾನು. ಕೆಳಗಿನ ಸಾಲುಗಳ ಪ್ರಕಾರ ಕಪ್ಪು ಯುವಕ ‘ಲೂಟಿ ಮಾಡಿದ’, ಬಿಳಿಯರಿಗೆ ಸಾಮಾನು ‘ಸಿಕ್ಕಿತು’. ಯುವಕ ಅಂಗಡಿಗೆ ನುಗ್ಗಿದ್ದನ್ನು ಮೊದಲ ಛಾಯಾಗ್ರಾಹಕ ನೋಡಿದ್ದ, ಎರಡನೆಯವನು ಯಾರೂ ನುಗ್ಗುವುದನ್ನು ನೋಡಿರಲಿಲ್ಲ ಎಂಬ ಸಮಜಾಯಿಷಿ ಆಮೇಲೆ ಬಂತು. ಅದು ನಿಜವೇ ಇರಲಿ, ಓದುಗನಿಗೆ ತಲುಪಿದ್ದು ಎರಡು ಮುಖ, ಎರಡು ಕ್ರಿಯಾಪದ. ಆದ್ದರಿಂದ ಒಂದೇ ಘಟನೆಯ ಚಿತ್ರಗಳು ಬೇರೆಬೇರೆ ಕಡೆಯಿಂದ ಬಂದಾಗ ಎಲ್ಲವನ್ನೂ ಅಕ್ಕಪಕ್ಕ ಇಟ್ಟು, ಮುಖಗಳನ್ನು ಮುಚ್ಚಿ, ಸಾಲುಗಳನ್ನಷ್ಟೇ ಓದಿ. ಕ್ರಿಯಾಪದ ಬೇರೆಯಾಗಿದ್ದರೆ ಛಾಯಾಗ್ರಾಹಕನಿಗೆ ಫೋನ್ ಮಾಡಿ ಕೇಳಿ: ಕಣ್ಣಾರೆ ಕಂಡದ್ದೇನು, ಊಹಿಸಿದ್ದೇನು?