ಮೇದೋಜೀರಕದ ಕ್ಯಾನ್ಸರ್‌: ಬರೀ ತುಕ್ಕಿನ ಕಥೆಯಲ್ಲ

ಹೋದ ವಾರ ಒಬ್ಬ ಹುಡುಗ ಅಪ್ಪನ ಫೈಲ್ ಜೊತೆ ಒಂದು ಪ್ಲಾಸ್ಟಿಕ್ ಕವರನ್ನೂ ನನ್ನ ಟೇಬಲ್ ಮೇಲಿಟ್ಟ. ಒಳಗೆ ಮೂರು ಡಬ್ಬಿ. ಮೂರರ ಮೇಲೂ ಆಂಟಿಆಕ್ಸಿಡೆಂಟ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅಪ್ಪನಿಗೆ ಮೇದೋಜೀರಕ ಗ್ರಂಥಿಯ, ಅಂದ್ರೆ ಪ್ಯಾಂಕ್ರಿಯಾಸ್‌ನ ಕ್ಯಾನ್ಸರ್. "ಡಾಕ್ಟ್ರೇ, ದೇಹ ಒಳಗೊಳಗೇ ತುಕ್ಕು ಹಿಡಿದು ಕ್ಯಾನ್ಸರ್ ಬರುತ್ತಂತೆ. ಇದು ತುಕ್ಕು ಬಿಡಿಸುತ್ತಂತೆ, ಕೊಡಬಹುದಾ?" ಅಂತ ಕೇಳಿದ. ಅಪ್ಪ ಸುಮ್ನೆ ಕೂತಿದ್ದರು.

ಆ ಮಾತಿನಲ್ಲಿ ಅರ್ಧ ನಿಜ ಇದೆ. ಇನ್ನರ್ಧ ಗೊತ್ತಿಲ್ಲದೆ ಮಾತ್ರೆ ನುಂಗಿಸುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಕೂದಲು ಸುಟ್ಟಾಗ ಮೂಗಿಗೆ ಬಡಿಯುತ್ತದಲ್ಲ, ಆ ವಾಸನೆ ಗಂಧಕದ್ದು. ಪ್ರೋಟೀನ್ ಅನ್ನೋದು ಮಣಿಸರ ಅಂದುಕೊಳ್ಳಿ, ಅದರಲ್ಲಿ ಸಿಸ್ಟೀನ್ ಅನ್ನೋ ಮಣಿಯ ತುದಿಯಲ್ಲಿ ಗಂಧಕ ಇರುತ್ತದೆ. ಆಕ್ಸಿಡೀಕರಣಕ್ಕೆ, ಅಂದ್ರೆ ಆ ಹುಡುಗ ಹೇಳಿದ ತುಕ್ಕಿಗೆ, ಸುಲಭವಾಗಿ ಸಿಗುವ ಜಾಗಗಳಲ್ಲಿ ಇದು ಮುಖ್ಯವಾದದ್ದು. ಸರ ಮಡಚಿಕೊಂಡಾಗ ಹತ್ತಿರ ಬರುವ ಎರಡು ಸಿಸ್ಟೀನ್‌ಗಳು ಆಕ್ಸಿಡೀಕರಣಗೊಂಡರೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಪಾರ್ಲರ್‌ನಲ್ಲಿ ಕೂದಲನ್ನು ಗುಂಗುರು ಮಾಡುವಾಗ ಒಂದು ದ್ರಾವಣ ಹಚ್ಚಿ ಬಿಚ್ಚುವುದು, ಇನ್ನೊಂದು ಹಚ್ಚಿ ಮತ್ತೆ ಹಾಕುವುದು ಇದೇ ಕೊಂಡಿಯನ್ನ. ಕೊಂಡಿ ಬಿದ್ದರೆ ಪ್ರೋಟೀನಿನ ಆಕಾರ ಬದಲಾಗುತ್ತದೆ, ಆಕಾರ ಬದಲಾದರೆ ಕೆಲಸವೂ ಬದಲಾಗುತ್ತದೆ.

ಪ್ಯಾಂಕ್ರಿಯಾಸ್‌ಗೆ ಬರೋಣ. ಇಲ್ಲಿ ಹೆಚ್ಚಾಗಿ ಬರುವ ಕ್ಯಾನ್ಸರ್‌ನಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರಲ್ಲಿ ಕೆರಾಸ್ ಎಂಬ ಜೀನ್ ಕೆಟ್ಟಿರುತ್ತದೆ. ಅದು ಕಾಲಡಿ ಸಿಕ್ಕಿಹಾಕಿಕೊಂಡ ಆಕ್ಸಿಲರೇಟರ್ ಇದ್ದ ಹಾಗೆ, ಜೀವಕೋಶಕ್ಕೆ ಸದಾ ಬೆಳಿ ಬೆಳಿ ಅನ್ನುತ್ತಿರುತ್ತದೆ. ಇದಕ್ಕೆ ಎದುರಾಗಿ ಕೆಲವು ಬ್ರೇಕ್‌ಗಳಿವೆ. ಪಿಟೆನ್ ಅಂಥ ಒಂದು ಪ್ರೋಟೀನ್. ಜೀವಕೋಶದಲ್ಲಿ ಆಕ್ಸಿಡೀಕರಣ ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಜಾಸ್ತಿಯಾದರೆ ಪಿಟೆನ್‌ನ 71 ಮತ್ತು 124ನೇ ಸಿಸ್ಟೀನ್ ಮಣಿಗಳ ನಡುವೆ ಕೊಂಡಿ ಬಿದ್ದು, ಬ್ರೇಕ್ ನಿಂತುಹೋಗುತ್ತದೆ. ಜೀನ್ ಪರೀಕ್ಷೆ ಮಾಡಿಸಿದರೆ ಪಿಟೆನ್ ಜೀನ್ ಸರಿಯಾಗಿಯೇ ಕಾಣಬಹುದು, ಪ್ರೋಟೀನ್ ಮಾತ್ರ ಕೆಲಸ ಮಾಡುತ್ತಿರುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಒತ್ತಿ ಹೇಳುತ್ತೇನೆ.

ಈ ಪೆರಾಕ್ಸೈಡ್ ಎಲ್ಲಿಂದ ಬರುತ್ತದೆ? ಸಿಗರೇಟು ಒಂದು ದಾರಿ. ವರ್ಷಗಟ್ಟಲೆ ಮಾಸದ ಪ್ಯಾಂಕ್ರಿಯಾಸ್ ಉರಿಯೂತ ಇನ್ನೊಂದು. ಉರಿಯೂತ ಇದ್ದಲ್ಲಿಗೆ ಬಂದು ಸೇರುವ ಬಿಳಿ ರಕ್ತಕಣಗಳು ಇಂಥ ರಾಸಾಯನಿಕಗಳನ್ನೇ ಸುತ್ತ ಎರಚುತ್ತವೆ. ಕುಡಿತದಿಂದ ಬರುವ ಉರಿಯೂತ ಎಲ್ಲರಿಗೂ ಗೊತ್ತು. ಆದರೆ ದಕ್ಷಿಣ ಭಾರತದಲ್ಲಿ, ಕೇರಳದಲ್ಲಂತೂ ಹೆಚ್ಚಾಗಿ, ಒಂದು ತೊಟ್ಟೂ ಕುಡಿಯದ ಚಿಕ್ಕ ವಯಸ್ಸಿನವರಿಗೂ ಪ್ಯಾಂಕ್ರಿಯಾಸ್ ನಾಳದಲ್ಲಿ ಕಲ್ಲು ಕಟ್ಟಿ, ಹೊಟ್ಟೆನೋವು, ಆಮೇಲೆ ಶುಗರ್ ಬರುವುದುಂಟು. ಅವರಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ಅವರನ್ನು ನೋಡಿ ಕುಡುಕ ಅನ್ನುವ ನೆಂಟರ ಮೇಲೆ ನನಗೆ ತುಂಬ ಸಿಟ್ಟಿದೆ.

ಇಲ್ಲಿವರೆಗೆ ಆ ಹುಡುಗನ ಮಾತು ಸರಿ. ಕಥೆ ತಿರುಗುವುದು ಕ್ಯಾನ್ಸರ್ ಬಂದ ಮೇಲೆ.

ಅಷ್ಟು ಜೋರಾಗಿ ಬೆಳೆಯುವ ಕೋಶದೊಳಗೆ ಆಕ್ಸಿಡೀಕರಣ ಮಿತಿಮೀರಿದರೆ ಆ ಕೋಶವೇ ಸಾಯುತ್ತದೆ. ಹಾಗಾಗಿ ಕ್ಯಾನ್ಸರ್ ತನ್ನದೇ ಕಾವಲುಗಾರನನ್ನು ಇಟ್ಟುಕೊಳ್ಳುತ್ತದೆ. ಅದು ಎನ್‌ಆರ್‌ಎಫ್2 ಎಂಬ ಪ್ರೋಟೀನ್. ಕೆಟ್ಟ ಕೆರಾಸ್ ಇದನ್ನು ಜಾಸ್ತಿ ಮಾಡಿ ಕೋಶದೊಳಗಿನ ಆಕ್ಸಿಡೀಕರಣವನ್ನು ತಗ್ಗಿಸುತ್ತದೆ ಅಂತ 2011ರಲ್ಲಿ ಕ್ಯಾನ್ಸರ್ ಸಂಶೋಧಕ ಡೇವಿಡ್ ಟುವೆಸನ್ ಅವರ ತಂಡ ಇಲಿಗಳಲ್ಲಿ ತೋರಿಸಿತು. 2016ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಿಂದ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಕೋಶದಿಂದ ಎನ್‌ಆರ್‌ಎಫ್2 ತೆಗೆದರೆ, ಹೊಸ ಪ್ರೋಟೀನ್ ತಯಾರಿಸುವ ಯಂತ್ರದ ಭಾಗಗಳಲ್ಲೇ ಸಿಸ್ಟೀನ್‌ಗಳು ಆಕ್ಸಿಡೀಕರಣಗೊಳ್ಳುತ್ತವೆ, ಪ್ರೋಟೀನ್ ತಯಾರಿ ಕುಂಟುತ್ತದೆ. ಅಂದ್ರೆ ಆರೋಗ್ಯವಂತ ಕೋಶದಲ್ಲಿ ಬ್ರೇಕ್ ಕೆಡಿಸಿದ ಅದೇ ರಸಾಯನ ಇಲ್ಲಿ ಕ್ಯಾನ್ಸರ್‌ನ ಕೈ ಕಟ್ಟುತ್ತಿದೆ. ಹಾಗಿದ್ದಾಗ ಹೊರಗಿನಿಂದ ಆಂಟಿಆಕ್ಸಿಡೆಂಟ್ ಸುರಿದರೆ ನಾವು ಯಾರಿಗೆ ಸಹಾಯ ಮಾಡಿದ ಹಾಗಾಯ್ತು?

ಇದು ಬರೀ ಇಲಿಗಳ ಮಾತಲ್ಲ. ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ದೊಡ್ಡ ಪ್ರಯೋಗ ನಡೆದು 1994ರಲ್ಲಿ ಫಲಿತಾಂಶ ಬಂತು. ಬೀಟಾ ಕೆರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿಯಾಗಿತ್ತು. ಅದು ಬೇರೆ ಅಂಗ, ಒಪ್ಪುತ್ತೇನೆ. ಆದರೂ 'ತಿಂದರೆ ಏನೂ ಹಾನಿ ಇಲ್ಲ' ಅನ್ನುವ ಮಾತು ಅಲ್ಲೇ ಬಿದ್ದುಹೋಯಿತು.

ಕ್ಯಾನ್ಸರ್ ಇಲ್ಲದ, ಹಳೆ ಉರಿಯೂತದ ನೋವಿನವರ ವಿಷಯ ಬೇರೆ. ದೆಹಲಿಯ ಏಮ್ಸ್‌ನ 2009ರ ಅಧ್ಯಯನದಲ್ಲಿ ಆಂಟಿಆಕ್ಸಿಡೆಂಟ್ ಮಾತ್ರೆಗಳಿಂದ ನೋವು ತಗ್ಗಿತ್ತು, 2012ರ ಬ್ರಿಟನ್‌ನ ಅಧ್ಯಯನದಲ್ಲಿ ತಗ್ಗಲಿಲ್ಲ. ಅಂಥವರಿಗೆ ನಾನೂ ಕೆಲವೊಮ್ಮೆ ಬರೆದುಕೊಡುತ್ತೇನೆ. ಹಣ್ಣು, ಸೊಪ್ಪು, ತರಕಾರಿಗೆ ನನ್ನ ತಕರಾರೇನೂ ಇಲ್ಲ, ನಾನು ಬೇಡ ಅನ್ನುತ್ತಿರುವುದು ಡಬ್ಬಿಯಲ್ಲಿ ಬರುವ ದೊಡ್ಡ ಡೋಸು.

ಹುಡುಗನಿಗೆ ಡಬ್ಬಿಗಳನ್ನು ವಾಪಸ್ ಕೊಟ್ಟೆ. ಅಪ್ಪನನ್ನು ಮಾತಾಡಿಸಿದರೆ, ಮಲದಲ್ಲಿ ಎಣ್ಣೆ ತೇಲುತ್ತಿದೆ, ತೂಕ ಇಳಿಯುತ್ತಲೇ ಇದೆ, ಜಿಡ್ಡು ಬಿಟ್ಟು ಎರಡು ತಿಂಗಳಿಂದ ಬರೀ ಗಂಜಿ ಅಂದರು. ಅವರಿಗೆ ಬೇಕಿದ್ದದ್ದು ಜಿಡ್ಡನ್ನು ಜೀರ್ಣಿಸುವ ಪ್ಯಾಂಕ್ರಿಯಾಸ್‌ನ ಎನ್‌ಜೈಮ್ ಕ್ಯಾಪ್ಸೂಲ್, ಊಟದ ಮೊದಲ ತುತ್ತಿನ ಜೊತೆಗೇ ನುಂಗಬೇಕಾದದ್ದು. ಬರೆದುಕೊಟ್ಟೆ.

"ಹಂಗಾದ್ರೆ ಅನ್ನಕ್ಕೆ ಒಂಚೂರು ತುಪ್ಪ ಹಾಕ್ಕೋಬಹುದಾ ಡಾಕ್ಟ್ರೇ?" ಅಂತ ಕೇಳಿದರು.

"ಧಾರಾಳವಾಗಿ ಹಾಕ್ಕೊಳ್ಳಿ ಯಜಮಾನ್ರೇ" ಅಂದೆ.