ಟೈಫಾಯ್ಡ್ ಕಾಂಪ್ಲಿಕೇಶನ್: ವೈಡಾಲ್ ನಂಬರ್ ಅಲ್ಲ

"ಮಗೂಗೆ ಟೈಫಾಯ್ಡ್ ಕಾಂಪ್ಲಿಕೇಶನ್ ಆಗ್ಬಿಟ್ಟಿದೆ, ವೈಡಾಲ್ 320 ಬಂದಿದೆ." ಈ ವಾರವೂ ಗ್ರೂಪಿನಲ್ಲಿ ಇದೇ ಮೆಸೇಜು. 320 ಕಾಂಪ್ಲಿಕೇಶನ್ ಅಲ್ಲ. ಇದನ್ನು ಇನ್ನು ಎಷ್ಟು ಸಲ ಹೇಳಬೇಕೋ.

ವೈಡಾಲ್ ಅಂದರೆ ಟೈಫಾಯ್ಡ್ ಇದೆಯಾ ಅಂತ ನೋಡೋಕೆ 1896ರಲ್ಲಿ ಬಂದ ರಕ್ತಪರೀಕ್ಷೆ, ಫ್ರಾನ್ಸಿನ ವೈದ್ಯರೊಬ್ಬರ ಹೆಸರಿನದು. ಸೀರಮ್ಮನ್ನು, ಅಂದರೆ ರಕ್ತದ ತಿಳಿ ಭಾಗವನ್ನು, 20 ಪಟ್ಟು, 40 ಪಟ್ಟು, 80 ಪಟ್ಟು ಅಂತ ತೆಳು ಮಾಡುತ್ತಾ ಹೋಗಿ, ಎಲ್ಲಿಯವರೆಗೆ ಅದು ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ಗುಂಪುಗಟ್ಟಿಸುತ್ತದೆ ಅಂತ ನೋಡುತ್ತಾರೆ. 1:320 ಅಂದರೆ 320 ಪಟ್ಟು ತೆಳುವಾದ ಮೇಲೂ ಗುಂಪುಗಟ್ಟಿತು, ಅಷ್ಟೇ. ಹಿಂದೆ ಯಾವಾಗಲೋ ಬಂದ ಟೈಫಾಯ್ಡ್‌ನಿಂದಲೂ, ಬೇರೆ ಜ್ವರದಿಂದಲೂ ಈ ನಂಬರ್ ಏರಬಹುದು. 80 ಬಂದ ಮಗು ಐಸಿಯು ಸೇರಬಹುದು, 640 ಬಂದ ಮಗು ಔಷಧಿ ಹಿಡಿದು ಆರಾಮಾಗಿ ಎದ್ದು ಓಡಾಡಬಹುದು. ಟೈಫಾಯ್ಡ್ ಹೌದೋ ಅಲ್ಲವೋ ಅನ್ನೋದಕ್ಕೇ ಇದನ್ನೊಂದೇ ನಂಬೋ ಹಾಗಿಲ್ಲ, ಅದಕ್ಕೆ ಬ್ಲಡ್ ಕಲ್ಚರ್ (ರಕ್ತದಲ್ಲಿರೋ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡೋ ಪರೀಕ್ಷೆ) ಬೇಕು, ಅದೂ ಆಂಟಿಬಯಾಟಿಕ್ ಶುರು ಮಾಡೋ ಮೊದಲೇ ತೆಗೆದರೆ ಒಳ್ಳೆಯದು.

ಕಾಂಪ್ಲಿಕೇಶನ್ ಅಂದರೆ ಜ್ವರದ ಜೊತೆಗೆ ಒಂದು ಅಂಗ ಕೆಟ್ಟಿದೆ ಅಂತ. ನ್ಯುಮೋನಿಯಾ ಆಗಬಹುದು, ಲಿವರ್ ಊದಿಕೊಂಡು ಕಾಮಾಲೆ ಕಾಣಬಹುದು, ಹೃದಯದ ಸ್ನಾಯುವಿಗೂ ಪೆಟ್ಟು ಬೀಳಬಹುದು. ಹೆಚ್ಚು ಹೆದರಬೇಕಾದ್ದು ಕರುಳಿಗೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಈ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತದೆ. ಅಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಇಲ್ಲವೇ ತೂತೇ ಬೀಳುತ್ತದೆ. ಸಾಮಾನ್ಯವಾಗಿ ಜ್ವರದ ಮೂರನೇ ವಾರದ ಹೊತ್ತಿಗೆ. ಐದು ವರ್ಷದೊಳಗಿನವರಿಗಿಂತ ದೊಡ್ಡ ಮಕ್ಕಳಲ್ಲಿ ತೂತು ಬೀಳೋದು ಜಾಸ್ತಿ.

ಮೋಸ ಹೋಗೋದು ಇಲ್ಲೇ. ರಕ್ತ ಸೋರಿದಾಗ, ಕರುಳು ತೂತಾದಾಗ ಜ್ವರ ಒಮ್ಮೆಲೇ ಇಳಿದುಬಿಡಬಹುದು. ಥರ್ಮಾಮೀಟರ್ ನೋಡಿ ಮನೆಯವರಿಗೆ ಸಮಾಧಾನ. ಆದರೆ ಮಗು ಮೊಣಕಾಲು ಮಡಚಿಕೊಂಡು ಅಲ್ಲಾಡದೆ ಮಲಗಿರುತ್ತದೆ, ಹೊಟ್ಟೆ ಮುಟ್ಟಲು ಬಿಡೋದಿಲ್ಲ, ಹೊಟ್ಟೆ ಹಲಗೆ ಹಾಗೆ ಗಟ್ಟಿಯಾಗಿರುತ್ತದೆ, ಮುಖ ಬಿಳಿಚಿ ನಾಡಿ ಓಡುತ್ತಿರುತ್ತದೆ. ಅದು ಆಪರೇಷನ್ ಬೇಕಾದ ಸ್ಥಿತಿ, ಬೆಳಿಗ್ಗೆ ನೋಡೋಣ ಅನ್ನೋ ಹಾಗಿಲ್ಲ. ಮಲ ಟಾರಿನ ಹಾಗೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿರಬಹುದು, ಆಗಲೂ ಕಾಯೋ ಹಾಗಿಲ್ಲ.

ಇನ್ನೊಂದು ಕಾಂಪ್ಲಿಕೇಶನ್ ಮಿದುಳಿನದು. ಗ್ರೀಕ್‌ನ 'ಟೈಫೋಸ್' ಅಂದರೆ ಹೊಗೆ, ಮಬ್ಬು. ಟೈಫಾಯ್ಡ್ ಅನ್ನೋ ಹೆಸರಿನ ಬೇರು ಅದೇ. ಮಗು ಕಣ್ಣು ಬಿಟ್ಟಿದ್ದರೂ ಅಮ್ಮನ ಗುರುತು ಹಿಡಿಯೋದಿಲ್ಲ, ಏನೇನೋ ಗೊಣಗುತ್ತಾ ಹೊದಿಕೆಯ ಅಂಚು ಕೀಳುತ್ತಿರುತ್ತದೆ. "ಜ್ವರ ನೆತ್ತಿಗೇರಿದೆ" ಅಂತ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂರ್ತಾರಲ್ಲ, ಆ ಹೊತ್ತಿಗೆ ಮಗು ಆಸ್ಪತ್ರೆಯಲ್ಲಿರಬೇಕು.